ಮೊಲ ಮೇಯುತ್ತಿದ್ದ ಹೊಲ: ನಮ್ಮ ಬೇಟೆಯ ಬರಹಗಳನ್ನು ಕುರಿತು ಒಂದು ವಿಮರ್ಶೆ

೧

ಬೆಂಗಳೂರಿನ ಹುಟ್ಟನ್ನು ಹೇಳುವ ಎರಡು ಐತಿಹ್ಯಗಳು ಸರ್ವವಿದಿತವಾಗಿವೆ. ಎರಡೂ ಬೇಟೆಯಿಂದಲೇ ಆರಂಭವಾಗುತ್ತವೆಂಬುದನ್ನು ಮಾತ್ರ ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಹೊಯ್ಸಳ ವೀರಬಲ್ಲಾಳನು ಬೇಟೆಯಲ್ಲಿ ಪರಿವಾರದಿಂದ ಅಗಲಿ, ಹಸಿದು ಬಳಲಿ, ಮುದುಕಿಯೊಬ್ಬಳು ಕೊಟ್ಟ ಬೆಂದ ಕಾಳನ್ನು ತಿಂದನೆಂದೂ, ಅದರಿಂದ ಊರಿಗೆ ಬೆಂದಕಾಳೂರೆಂದು ಹೆಸರಾಯಿತೆಂದೂ ಒಂದು ಕತೆ. ಯಲಹಂಕದ ನಾಡಪ್ರಭು ಕೆಂಪೇಗೌಡರು ಬೇಟೆಗೆ ಹೊರಟಿದ್ದಾಗ ಮೊಲವೊಂದು ಬೇಟೆನಾಯಿಯನ್ನೇ ತಿರುಗಿ ಅಟ್ಟಿಸಿಕೊಂಡು ಹೋದುದನ್ನು ಕಂಡು, ಇದು ಗಂಡುಭೂಮಿಯೆಂದು ಬಗೆದು ಕೋಟೆ ಕಟ್ಟಿಸಿದರೆಂದು ಇನ್ನೊಂದು ಕತೆ. ಮೊದಲನೆಯದು ಇತಿಹಾಸದ ಪರೀಕ್ಷೆಗೆ ನಿಲ್ಲುವುದಿಲ್ಲ. ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಹಿಂದಿನ, ಸುಮಾರು ಕ್ರಿ.ಶ. ೮೯೦ರ, ಬೇಗೂರಿನ ವೀರಗಲ್ಲಿನಲ್ಲಿಯೇ ಬೆಂಗಳೂರಿನ ಕಾಳಗದ ಉಲ್ಲೇಖವಿದೆ. ಎರಡನೆಯದು ಸಂಚಾರಿಯಾದ ಕತೆ. ವಿಜಯನಗರದ ಸ್ಥಾಪನೆಯ ಸಂದರ್ಭದಲ್ಲಿಯೂ ಇಂತಹುದೇ ಮೊಲ, ಇಂತಹುದೇ ನಾಯಿ ಕಾಣಿಸಿಕೊಳ್ಳುತ್ತವೆ. ಇವೆಲ್ಲ ನಮ್ಮ ವಿಭಾಗದ ತರಗತಿಗಳಲ್ಲಿ ಪ್ರತಿವರ್ಷವೂ ಹೇಳುವ ಮಾತುಗಳೇ.

ಕಳೆದ ವರ್ಷ ಹೀಗೆ ಹೇಳುತ್ತಿದ್ದಾಗ, ಹೆಸರಘಟ್ಟದ ಕಡೆಯ ಹಳ್ಳಿಯೊಂದರಿಂದ ಬರುವ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ಸರ್, ಆ ಮೊಲ ಯಾರ ಹೊಲದಲ್ಲಿ ಮೇಯ್ತಿತ್ತು?" ಎಂದು ಕೇಳಿದನು. ತರಗತಿ ನಕ್ಕಿತು, ನಾವೂ ನಕ್ಕೆವು. ಅವನು ನಗಲಿಲ್ಲ. ತರಗತಿ ಮುಗಿದ ಮೇಲೆ ವಿಚಾರಿಸಿದಾಗ ತಿಳಿದುದಿಷ್ಟು: ಕೆಲವು ವಾರಗಳ ಹಿಂದೆ ಅವರ ಮನೆಯ ಎರಡು ಕುರಿಗಳನ್ನು ಚಿರತೆ ಹಿಡಿದಿತ್ತು. "ನೋಡೋಕೆ ಬಂದೋರೆಲ್ಲ ಚಿರತೆ ಫೋಟೋ ಸಿಕ್ತಾ ಅಂತಲೇ ಕೇಳಿದರು ಸರ್. ಕುರಿ ಎಷ್ಟು ದೊಡ್ಡವು ಅಂತ ಒಬ್ಬರೂ ಕೇಳಲಿಲ್ಲ" ಎಂದನು.

ಈ ಮಾತು ನಮ್ಮನ್ನು ಬಿಡಲಿಲ್ಲ. ಬೇಟೆಯನ್ನು ಕುರಿತು ನಮ್ಮ ಭಾಷೆಯಲ್ಲಿ ಬಂದಿರುವ, ನಮ್ಮ ನಾಡನ್ನು ಕುರಿತು ಪರಭಾಷೆಯಲ್ಲಿ ಬಂದಿರುವ ಬರಹಗಳನ್ನು ಆ ಹುಡುಗನ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಮತ್ತೊಮ್ಮೆ ಓದಿದೆವು. ಆ ಓದಿನ ಫಲವನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು: ಬೇಟೆಯನ್ನು ಹೊಗಳಿದವರೂ ತೆಗಳಿದವರೂ ಒಂದೇ ಕಡೆಗೆ ನೋಡಿದ್ದಾರೆ. ಅವರ ದೃಷ್ಟಿಯೆಲ್ಲ ಆಯುಧ ಹಿಡಿದವನ ಮೇಲೆ, ಇಲ್ಲವೆ ಅವನ ಗುರಿಯಾದ ಪ್ರಾಣಿಯ ಮೇಲೆ ನೆಟ್ಟಿದೆ. ಬೇಟೆಯನ್ನು ಬಯಸಿದ, ಬೇಡಿದ, ಅದರಿಂದ ಬದುಕಿದ ಜನರ ಅಗತ್ಯ ಈ ಎರಡರ ನಡುವೆ ಕಾಣದೆ ಉಳಿದಿದೆ. ಕಾಣದ ಅಗತ್ಯವನ್ನು ಯಾರೂ ಪೂರೈಸಲಾರರು.

೨

ಬೇಟೆ ಎಂಬ ಒಂದೇ ಮಾತು ಮೂರು ಬೇರೆಬೇರೆ ವ್ಯವಹಾರಗಳನ್ನು ಒಳಗೊಂಡಿದೆ. ಬೆಳೆಯನ್ನೂ ದನಕರುಗಳನ್ನೂ ಕಾಪಾಡಿಕೊಳ್ಳುವ ಬೇಟೆ ಒಂದು. ಹೊಟ್ಟೆಪಾಡಿನ ಬೇಟೆ ಇನ್ನೊಂದು. ವಿನೋದಕ್ಕಾಗಿ, ಕೈಚಳಕದ ಸಂತೋಷಕ್ಕಾಗಿ, ಸಂಗಾತಿಗಳ ಕೂಟಕ್ಕಾಗಿ ಆಡುವ ಬೇಟೆ ಮೂರನೆಯದು. ನಮ್ಮ ಪ್ರಾಚೀನ ಶಾಸ್ತ್ರಕಾರರು ವಿಸ್ತಾರವಾಗಿ ಚರ್ಚಿಸಿರುವುದು ಮೂರನೆಯದನ್ನೇ. ಮನುಸ್ಮೃತಿ ಮೃಗಯೆಯನ್ನು ಕಾಮದಿಂದ ಹುಟ್ಟುವ ವ್ಯಸನಗಳಲ್ಲಿ ಎಣಿಸುತ್ತದೆ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಜೂಜಿಗಿಂತ ಮೃಗಯೆ ಮೇಲೆಂದು ವಾದಿಸಿ, ಅದರಿಂದ ದೇಹಕ್ಕೆ ವ್ಯಾಯಾಮ ದೊರೆಯುವುದನ್ನೂ ಚಲಿಸುವ ಗುರಿಯನ್ನು ಹೊಡೆಯುವ ಅಭ್ಯಾಸವಾಗುವುದನ್ನೂ ಗುಣಗಳೆಂದು ಹೇಳುತ್ತಾನೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೃಗಯೆ ರಾಜನ ವಿನೋದಗಳಲ್ಲೊಂದಾಗಿ ವಿಸ್ತಾರವಾದ ವರ್ಣನೆಯನ್ನು ಪಡೆದಿದೆ. ನಿಂದೆಯೂ ಪ್ರಶಂಸೆಯೂ ಇಲ್ಲಿ ರಾಜನ ಗುಣದೋಷಗಳನ್ನು ಕುರಿತವು. ಬೇಟೆಯಿಂದ ಅರಸನು ಕೆಡುವನೋ ಬೆಳೆಯುವನೋ ಎಂಬುದೇ ಚರ್ಚೆಯ ತಿರುಳು.

ಮೂರು ಬೇಟೆಗಳನ್ನು ಬೇರ್ಪಡಿಸಿ ನೋಡದಿರುವುದು ವಿಮರ್ಶೆಯ ಮೊದಲ ದೋಷವೆಂದು ನಮಗೆ ತೋರುತ್ತದೆ. ಮೂರನೆಯ ಬೇಟೆಗೆ ಸಲ್ಲುವ ನಿಂದೆ ಮೊದಲೆರಡಕ್ಕೂ ತಟ್ಟುತ್ತದೆ. ಮೊದಲನೆಯದಕ್ಕೆ ಸಲ್ಲುವ ಸಮರ್ಥನೆಯನ್ನು ಮೂರನೆಯದು ಎರವಲು ಪಡೆಯುತ್ತದೆ. ಹಳ್ಳಿಯವರ ಮೊರೆಯನ್ನು ಕೇಳಿ ಹೊರಟೆವೆಂದು ಹೇಳದ ವಿನೋದದ ಬೇಟೆಗಾರ ವಿರಳ.

೩

ಕನ್ನಡದ ಮಟ್ಟಿಗೆ ಬೇಟೆಯ ಅತಿ ಪ್ರಾಚೀನ ಬರಹಗಳನ್ನು ಕಲ್ಲುಗಳಲ್ಲಿ ಹುಡುಕಬೇಕು. ಇವುಗಳಲ್ಲಿ ಆತಕೂರಿನ ಶಾಸನ ಅಗ್ರಗಣ್ಯವಾದುದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಕಲ್ಲಿನ ಕಾಲ ಶಕವರ್ಷ ೮೭೨, ಎಂದರೆ ಕ್ರಿ.ಶ. ೯೪೯-೫೦. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ಗಂಗ ಬೂತುಗನಿಂದ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿಯನ್ನು ಕಾಡುಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರನ ಎದುರಿನಲ್ಲಿ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿಯಾಗಿ ಬಿಟ್ಟರು. ಒಬ್ಬ ಚಕ್ರವರ್ತಿಯ ದಿಗ್ವಿಜಯದ ಸುದ್ದಿಯನ್ನೂ ಒಂದು ನಾಯಿಯ ಮರಣದ ಸುದ್ದಿಯನ್ನೂ ಒಂದೇ ಕಲ್ಲು ಹೊತ್ತಿದೆ.

ನಾಡಿನುದ್ದಕ್ಕೂ ಹುಲಿಯೊಡನೆ ಹೋರಾಡಿ ಸತ್ತವರ, ಹಂದಿಯನ್ನು ಇರಿದು ಸತ್ತವರ ವೀರಗಲ್ಲುಗಳು ಚದುರಿವೆ. ಇಂತಹ ಕಲ್ಲುಗಳ ಒಂದು ಗುಣವನ್ನು ಗಮನಿಸಬೇಕು. ಸತ್ತವನಿಗೆ ಅಲ್ಲಿ ಹೆಸರುಂಟು, ಊರುಂಟು, ಹಲವು ವೇಳೆ ಅವನ ಮನೆಯವರಿಗೆ ಬಿಟ್ಟ ಮಣ್ಣುಂಟು. ೨೦೧೮ರಲ್ಲಿ ಹೆಬ್ಬಾಳದ ಬಳಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. ೭೫೦ರ ಕಿತ್ತಯ್ಯನ ಕಲ್ಲು ಬೇಟೆಯದಲ್ಲ, ಕಾಳಗದ್ದು. ಆದರೂ ನಮ್ಮ ಈ ಉತ್ತರ ಬೆಂಗಳೂರಿನ ನೆಲದಲ್ಲಿ ಊರಿಗಾಗಿ ಸತ್ತವನ ಹೆಸರನ್ನು ಉಳಿಸುವ ಪದ್ಧತಿ ಎಷ್ಟು ಹಳೆಯದೆಂಬುದಕ್ಕೆ ಅದು ಸಾಕ್ಷಿ. ಕಲ್ಲು ಹಾಕಿಸಿದವರು ಬಡವರಲ್ಲ, ಒಡೆಯರೆಂಬುದು ನಿಜ. ಆದರೂ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು, ಅದಕ್ಕೆ ಪ್ರತಿಯಾಗಿ ಏನನ್ನಾದರೂ ಕೊಡುವುದು, ಕೊಟ್ಟುದನ್ನು ಎಲ್ಲರಿಗೂ ಕಾಣುವಂತೆ ಬರೆಯುವುದು ಎಂಬ ಮೂರು ಕೆಲಸಗಳನ್ನು ಈ ಕಲ್ಲುಗಳು ಮಾಡಿದವು. ಮುಂದಿನ ಬರಹಗಳನ್ನು ಅಳೆಯಲು ಇದನ್ನೇ ನಾವು ಅಳತೆಗೋಲಾಗಿ ಬಳಸುತ್ತೇವೆ.

೪

ಕಾವ್ಯಕ್ಕೆ ಬಂದರೆ, ರಾಘವಾಂಕನ ಹರಿಶ್ಚಂದ್ರಕಾವ್ಯದ ಬೇಟೆಯ ಪ್ರಸಂಗ ನಮ್ಮ ವಿಷಯಕ್ಕೆ ಬಹಳ ಹತ್ತಿರವಾದುದು. ಅಲ್ಲಿ ಬೇಟೆ ಅರಸನ ವಿನೋದದಿಂದ ಮೊದಲಾಗುವುದಿಲ್ಲ. ವಿಶ್ವಾಮಿತ್ರನು ಸೃಷ್ಟಿಸಿ ಬಿಟ್ಟ ಮೃಗಗಳು ನಾಡಿನ ಬೆಳೆಯನ್ನು ಹಾಳುಗೆಡವುತ್ತವೆ. ಪ್ರಜೆಗಳು ಬಂದು ದೂರುತ್ತಾರೆ. ದೂರನ್ನು ಕೇಳಿ ಹರಿಶ್ಚಂದ್ರನು ಹೊರಡುತ್ತಾನೆ. ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಇಲ್ಲಿ ಸಿದ್ಧವಾಗಿದೆಯೆಂದು ತೋರುತ್ತದೆ. ಆದರೆ ಬೇಟೆ ಬಿರುಸಾದಂತೆ ಹೊಲ ಹಿಂದಕ್ಕೆ ಸರಿಯುತ್ತದೆ. ಮಾಯೆಯ ಹಂದಿ, ಮುನಿಯ ಆಶ್ರಮ, ಕೋಪ, ಸತ್ಯದ ಪರೀಕ್ಷೆ ಎಂದು ಕತೆ ಬೇರೊಂದು ಎತ್ತರಕ್ಕೆ ಏರುತ್ತದೆ. ದೂರಿತ್ತ ರೈತರ ಬೆಳೆ ಏನಾಯಿತೆಂಬ ವಿಚಾರ ಕಾವ್ಯದ ಕೇಂದ್ರಕ್ಕೆ ಮರಳಿ ಬರುವುದಿಲ್ಲ. ರಾಘವಾಂಕನ ಉದ್ದೇಶ ಸತ್ಯದ ಮಹಿಮೆಯನ್ನು ಸಾರುವುದಾದುದರಿಂದ ಇದನ್ನು ಅವನ ದೋಷವೆಂದು ಹೇಳುವಂತಿಲ್ಲ. ರೈತರ ಮೊರೆ ಬೇಟೆಗೆ ಬಾಗಿಲು ತೆರೆಯುವ ಕೀಲಿಯಾಗಿ ಬಳಕೆಯಾಗಿ ಅನಂತರ ಮರೆಯಾಗುವ ಒಂದು ಕಥನಕ್ರಮ ಎಷ್ಟು ಹಿಂದಿನದೆಂಬುದನ್ನು ತೋರಿಸುವುದಷ್ಟೇ ನಮ್ಮ ಉದ್ದೇಶ.

ಹೊಟ್ಟೆಪಾಡಿನ ಬೇಟೆಗಾರನಿಗೆ ಕಾವ್ಯದಲ್ಲಿ ಗೌರವದ ಸ್ಥಾನ ದೊರಕಿಸಿದವನು ರಾಘವಾಂಕನ ಸೋದರಮಾವ ಹರಿಹರ. ಅವನ ಕಣ್ಣಪ್ಪನ ರಗಳೆಯಲ್ಲಿ ಬೇಡನು ತಾನು ತಂದ ಬೇಟೆಯ ಮಾಂಸವನ್ನೇ ಶಿವನಿಗೆ ಅರ್ಪಿಸುತ್ತಾನೆ, ಕೊನೆಗೆ ಕಣ್ಣನ್ನೂ ಅರ್ಪಿಸುತ್ತಾನೆ. ಕಣ್ಣಪ್ಪನನ್ನು ಪೂಜಿಸಿದ ಸಮಾಜ ಅವನ ಕುಲಕಸುಬನ್ನು ಮಾತ್ರ ಹಾಗೆ ಮನ್ನಿಸಲಿಲ್ಲ. ಬೇಡರ ಕೈಯ ಆಯುಧವೇ ಅವರ ಅನ್ನವೂ ಮಾನವೂ ಆಗಿತ್ತೆಂಬುದನ್ನು ತಿಳಿಯಬೇಕಾದರೆ ರಗಳೆಯನ್ನು ಬಿಟ್ಟು ಲಾವಣಿಗೆ ಬರಬೇಕು. ೧೮೫೭ರಲ್ಲಿ ಬ್ರಿಟಿಷ್ ಸರ್ಕಾರ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದರು. ಸೈನ್ಯ ಊರಿನ ಮೇಲೆ ಬಿದ್ದಿತು. ಶಾಸನತಜ್ಞ ಫ್ಲೀಟರು ಸಂಗ್ರಹಿಸಿದ ಜನಪದ ಲಾವಣಿ ಆ ಊರಿನ ಪಾಡನ್ನು ಊರಿನವರ ಹೆಸರುಗಳೊಡನೆ ಉಳಿಸಿದೆ. ಆಯುಧ ಕಿತ್ತುಕೊಂಡರೆ ಮನೆಯಲ್ಲಿ ಏನಾಗುವುದೆಂಬ ಪ್ರಶ್ನೆ ಕೇಳಿಬರುವ ಅಪರೂಪದ ರಚನೆ ಅದು. ವೀರಗಲ್ಲಿನ ಗುಣ ಕಾವ್ಯಕ್ಕಿಂತ ಲಾವಣಿಯಲ್ಲಿ ಹೆಚ್ಚಾಗಿ ಉಳಿದುಬಂದಿದೆಯೆಂದು ಹೇಳಬಹುದಾಗಿದೆ.

೫

ಕಂಪನಿಯ ಕಾಲದ ಅನಂತರ ಬೇಟೆಯ ಬರಹಕ್ಕೆ ಹೊಸದೊಂದು ರೂಪ ಬಂದಿತು. ಬೇಟೆಯಾಡಿದವನೇ ಬರೆಯುವ ಅನುಭವಕಥನ ಅದು. ಮೈಸೂರು ಸೀಮೆಯ ಮಟ್ಟಿಗೆ ಸ್ಯಾಂಡರ್ಸನ್ನರ ಹೆಸರು ಮೊದಲು ಬರುತ್ತದೆ. ೧೮೭೩-೭೪ರಲ್ಲಿ ಮೈಸೂರಿನಲ್ಲಿ ಖೆಡ್ಡಾ ಕ್ರಮದಿಂದ ಆನೆಗಳನ್ನು ಯಶಸ್ವಿಯಾಗಿ ಹಿಡಿಸಿದ ಇವರು ೧೮೭೮ರಲ್ಲಿ ತಮ್ಮ ಹದಿಮೂರು ವರ್ಷಗಳ ಕಾಡಿನ ಅನುಭವವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಕಾಕನಕೋಟೆಯ ಕಡೆಯ ಖೆಡ್ಡಾ ೧೯೭೧ರಲ್ಲಿ ನಡೆಯಿತು. ಸುಮಾರು ಒಂದು ಶತಮಾನ ಆನೆಯ ಜಾಡನ್ನು ಹಿಡಿದು ತೋರಿಸಿದವರು, ಪ್ರಾಣವನ್ನು ಪಣವಾಗಿಟ್ಟು ಹಿಂಡನ್ನು ಅಟ್ಟಿದವರು ಕಾಡುಕುರುಬರು. ಮಹಾರಾಜರ ಅತಿಥಿಗಳ ಹೆಸರುಗಳು ದಾಖಲೆಗಳಲ್ಲಿ ಸಾಲಾಗಿ ದೊರೆಯುತ್ತವೆ. ಈ ಜನರು ಬಹುಮಟ್ಟಿಗೆ ಒಂದು ಗುಂಪಿನ ಹೆಸರಾಗಿ ಮಾತ್ರ ಉಳಿದಿದ್ದಾರೆ.

ನಮ್ಮ ಕಾಲಕ್ಕೆ ಹತ್ತಿರದವರಾದ ಕೆನೆತ್ ಆಂಡರ್ಸನ್ (೧೯೧೦-೧೯೭೪) ಬೆಂಗಳೂರಿನವರೇ. ಅವರ ಮೊದಲ ಪುಸ್ತಕ ೧೯೫೪ರಲ್ಲಿ ಪ್ರಕಟವಾಯಿತು. ಅದರಲ್ಲಿ ಯಶವಂತಪುರದ ಆಚೆಯ ಜಾಲಹಳ್ಳಿಯಲ್ಲಿ ಚಿರತೆಯೊಂದು ಜನರ ಮೇಲೆ ಎರಗಿದ ಕತೆಯೊಂದಿದೆ. ಅದೇ ೧೯೫೪ರಲ್ಲಿ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಸ್ಥಾಪನೆಯಾಯಿತು. ಹಿಂದಿನ ವರ್ಷವೇ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಬಂದಿತ್ತು. ಅದೇ ವರ್ಷ 'ಬೇಡರ ಕಣ್ಣಪ್ಪ' ಚಿತ್ರ ತೆರೆಕಂಡಿತು. ಕಾಡು ಕಾರ್ಖಾನೆಯಾಗುತ್ತಿದ್ದ ಆ ಸಂಧಿಯಲ್ಲಿ ಬೆಂಗಳೂರಿನ ಜನರೆದುರಿಗೆ ಇಬ್ಬರು ಬೇಟೆಗಾರರು ನಿಂತಿದ್ದರು. ಒಬ್ಬನು ಭಕ್ತನಾಗಿ ಕಣ್ಣೀರು ತರಿಸಿದನು. ಇನ್ನೊಬ್ಬನು ರಕ್ಷಕನಾಗಿ ರೋಮಾಂಚನ ತಂದನು. ಜನಮನದಲ್ಲಿ ಬೇಟೆಗಾರನ ಚಿತ್ರ ರೂಪುಗೊಂಡುದು ಹೀಗೆ.

ಆಂಡರ್ಸನ್ನರ ಬರವಣಿಗೆಗೆ ಅನ್ಯಾಯ ಮಾಡಲು ನಾವು ಇಚ್ಛಿಸುವುದಿಲ್ಲ. ಇತರ ದೊರೆಗಳಿಗಿಂತ ಅವರು ಹಳ್ಳಿಯ ಜನರನ್ನು ಹತ್ತಿರದಿಂದ ಬಲ್ಲವರು. ಕಳ್ಳಬೇಟೆಯಿಂದ ಜೀವಿಸುತ್ತಿದ್ದ ಪೂಜಾರಿ ಬೈರನಿಗೆ ಆ ಮೊದಲ ಪುಸ್ತಕದಲ್ಲಿಯೇ ಒಂದು ಪೂರ್ಣ ಅಧ್ಯಾಯವನ್ನು ಕೊಟ್ಟಿದ್ದಾರೆ. ಆದರೆ ಅವರ ಕತೆಗಳ ಕಟ್ಟಡ ಪ್ರಾಯಿಕವಾಗಿ ಒಂದೇ ವಿಧವಾದುದು. ದನ ಸಾಯುತ್ತದೆ, ಮನುಷ್ಯ ಸಾಯುತ್ತಾನೆ, ಸುದ್ದಿ ಬರುತ್ತದೆ, ಲೇಖಕರು ಹೊರಡುತ್ತಾರೆ, ಅಟ್ಟಣೆಯ ಮೇಲೆ ರಾತ್ರಿ ಕಳೆಯುತ್ತಾರೆ, ಈಡು ಹಾರುತ್ತದೆ, ಕತೆ ಮುಗಿಯುತ್ತದೆ. ಸತ್ತ ದನದ ಒಡೆಯನು ಮರುವರ್ಷ ಉಳಲು ಎತ್ತನ್ನು ಎಲ್ಲಿಂದ ತಂದನು, ಸತ್ತವನ ಹೆಂಡತಿ ಮಕ್ಕಳು ಏನಾದರು ಎಂಬುದಕ್ಕೆ ಈ ಕಟ್ಟಡದಲ್ಲಿ ಕೋಣೆಯಿಲ್ಲ. ಪ್ರಾಣಿಯ ಸಾವಿನೊಡನೆ ಹಳ್ಳಿಯ ಕಷ್ಟ ತೀರಿತೆಂಬ ಭಾವನೆಯನ್ನು ಓದುಗನಲ್ಲಿ ಹುಟ್ಟಿಸುವುದು ಈ ಪ್ರಕಾರದ ಮುಖ್ಯ ಪರಿಣಾಮ. ವೀರಗಲ್ಲು ಆರಂಭವಾಗುವ ಕಡೆಯಲ್ಲಿ ಅನುಭವಕಥನ ನಿಂತುಬಿಡುತ್ತದೆ.

೬

ಕನ್ನಡದ ಗದ್ಯ ಈ ಮಾದರಿಯನ್ನು ಹಾಗೆಯೇ ಸ್ವೀಕರಿಸಲಿಲ್ಲವೆಂಬುದು ಸಂತೋಷದ ಸಂಗತಿ. ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' (೧೯೩೩) ಮತ್ತು 'ಕಾನೂರು ಹೆಗ್ಗಡಿತಿ' (೧೯೩೬) ಬೇಟೆಯನ್ನು ಮಲೆನಾಡಿನ ಮನೆಬಾಳಿನ ಒಂದು ಅಂಗವಾಗಿ ಕಾಣುತ್ತವೆ. ಗದ್ದೆಯ ಕಾವಲು, ಅಡುಗೆಮನೆ, ನಾಯಿ, ಕೋವಿ, ಒಕ್ಕಲು ಮತ್ತು ಒಡೆಯನ ಸಂಬಂಧ, ಇವೆಲ್ಲ ಅಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. 'ಮಲೆಗಳಲ್ಲಿ ಮದುಮಗಳು' (೧೯೬೭) ಕಾದಂಬರಿಯ ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯ ಕೋವಿಯ ಒಡೆಯರಲ್ಲ. ಒಡೆಯರ ಜಗತ್ತಿನ ಅಂಚಿನಲ್ಲಿ ಬಾಳುವವರು. ಹುಲಿಯ ಹೊಳೆಯ ಪಾಲಾಗುವ ಪ್ರಸಂಗವನ್ನು ಓದಿದವರಿಗೆ ಆತಕೂರಿನ ಕಾಳಿ ನೆನಪಾದರೆ ಆಶ್ಚರ್ಯವಿಲ್ಲ. ಸಾವಿರ ವರ್ಷಗಳ ಅನಂತರ ಮತ್ತೊಂದು ನಾಯಿಗೆ ಕನ್ನಡದಲ್ಲಿ ಸ್ಮಾರಕವಾಯಿತು; ಈ ಸಲ ಅದರ ಒಡೆಯನು ಸಾಮಂತನಾಗಿರದೆ ಜೀತದಾಳಾಗಿದ್ದನು.

ದಕ್ಷಿಣ ಕನ್ನಡದ ಕೆದಂಬಾಡಿ ಜತ್ತಪ್ಪ ರೈಗಳ 'ಬೇಟೆಯ ನೆನಪುಗಳು' ಮತ್ತು 'ಈಡೊಂದು ಹುಲಿಯೆರಡು' ಕೃತಿಗಳು ಬೇಟೆಗಾರನೇ ಬರೆದ ಕನ್ನಡದ ಅನುಭವಕಥನಗಳಲ್ಲಿ ಪ್ರಸಿದ್ಧವಾದವು. ಪೂರ್ಣಚಂದ್ರ ತೇಜಸ್ವಿ ಅವರು (೧೯೩೮-೨೦೦೭) ಆಂಡರ್ಸನ್ನರ ಕತೆಗಳನ್ನು 'ಕಾಡಿನ ಕತೆಗಳು' ಎಂಬ ಮಾಲೆಯಾಗಿ ಕನ್ನಡಕ್ಕೆ ತಂದರು. ಅವುಗಳಲ್ಲಿ ಒಂದು ಸಂಪುಟದ ಹೆಸರೇ 'ಜಾಲಹಳ್ಳಿಯ ಕುರ್ಕ'. ಕುರ್ಕವೆಂಬುದು ಚಿರತೆಗೆ ನಮ್ಮ ಹಳ್ಳಿಗರು ಇಟ್ಟ ಹೆಸರು. ಇಂಗ್ಲಿಷಿನ ಶೀರ್ಷಿಕೆ ಆ ಪ್ರಾಣಿಯನ್ನು ಕೊಲೆಗಾರನೆಂದು ಕರೆದಿದ್ದರೆ, ತೇಜಸ್ವಿಯವರು ಅದಕ್ಕೆ ನೆರೆಹೊರೆಯವರು ಕರೆಯುವ ಹೆಸರನ್ನು ಮರಳಿ ಕೊಟ್ಟರು. ಇದು ಸಣ್ಣ ಬದಲಾವಣೆಯಲ್ಲ. ಅವರ ಸ್ವಂತ ಕೃತಿಯಾದ 'ಪರಿಸರದ ಕತೆ'ಯಲ್ಲಿ ಕೋವಿ ಹಿಡಿದ ಲೇಖಕನೂ ಅವನ ನಾಯಿ ಕಿವಿಯೂ ನಗೆಗೆ ಗುರಿಯಾಗುತ್ತಾರೆ. ಬೇಟೆಗಾರನ ವೀರತ್ವ ಅಲ್ಲಿ ಕರಗಿಹೋಗುತ್ತದೆ. ಕಾಡನ್ನು ಬಲ್ಲ ಬಡವರ ತಿಳಿವಳಿಕೆಗೆ ಅವರು ಕೊಟ್ಟ ಸ್ಥಾನವನ್ನು ಅವರಿಗೆ ಮೊದಲಿನ ಬೇಟೆಯ ಬರಹಗಾರರು ಕೊಟ್ಟಿರಲಿಲ್ಲ.

ಇಷ್ಟನ್ನು ಒಪ್ಪಿಯೂ ಒಂದು ಆಕ್ಷೇಪವನ್ನು ಸೂಚಿಸಬೇಕಾಗಿದೆ. ತೇಜಸ್ವಿಯವರ ಅಸಂಖ್ಯ ನಗರವಾಸಿ ಓದುಗರು ಅವರಿಂದ ಪಡೆದುಕೊಂಡುದು ಕಾಡಿನ ಬೆರಗನ್ನು. ಕಾಡಂಚಿನ ಹೊಲದ ತಗಾದೆಯನ್ನಲ್ಲ. ಈ ತಪ್ಪು ಲೇಖಕರಿಗಿಂತ ಓದುಗರದೇ ಹೆಚ್ಚು. ಯಶವಂತ ಚಿತ್ತಾಲರ 'ಶಿಕಾರಿ' (೧೯೭೯) ಈ ದೃಷ್ಟಿಯಿಂದ ಗಮನಾರ್ಹವಾದುದು. ಮುಂಬಯಿಯ ಕಚೇರಿಯೊಂದರಲ್ಲಿ ಮನುಷ್ಯನು ಮನುಷ್ಯನನ್ನು ಬೇಟೆಯಾಡುವ ಕತೆ ಅದು. ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಏಳು ವರ್ಷಗಳಲ್ಲಿ ಬೇಟೆ ಕನ್ನಡದ ವಿದ್ಯಾವಂತರಿಗೆ ಒಂದು ರೂಪಕವಾಗಿಬಿಟ್ಟಿತ್ತು. ಹೊಲಗಳಲ್ಲಿ ಅದು ಇನ್ನೂ ರೂಪಕವಾಗಿರಲಿಲ್ಲ.

೭

ಕಾಯಿದೆಯ ಇತಿಹಾಸವನ್ನು ಸಂಕ್ಷೇಪವಾಗಿ ನೋಡುವುದು ಇಲ್ಲಿ ಅವಶ್ಯಕ. ಮೈಸೂರು ಸಂಸ್ಥಾನ ೧೯೦೧ರಲ್ಲಿಯೇ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ರಕ್ಷಣೆಗೆ ನಿಬಂಧನೆಯನ್ನು ಹೊರಡಿಸಿತ್ತು. ೧೯೭೨ರ ಕೇಂದ್ರ ಕಾಯಿದೆ ಬೇಟೆಯನ್ನು ಬಿಗಿಗೊಳಿಸಿತಾದರೂ ಪರವಾನಗಿಯ ಬೇಟೆಗೆ ಕೆಲವು ಅವಕಾಶಗಳನ್ನು ಉಳಿಸಿತ್ತು. ೧೯೯೧ರ ತಿದ್ದುಪಡಿ ಅವನ್ನೂ ತೆಗೆಯಿತು. ಅಂದಿನಿಂದ ವಿನೋದದ ಬೇಟೆ ನಮ್ಮ ದೇಶದಲ್ಲಿ ಅಪರಾಧ. ಮನುಷ್ಯನ ಪ್ರಾಣಕ್ಕೆ ಅಪಾಯಕಾರಿಯಾದ ಪ್ರಾಣಿಯ ವಿಷಯದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಅನುಮತಿ ಕೊಡಬಹುದೆಂದೂ, ಆತ್ಮರಕ್ಷಣೆಗಾಗಿ ಸದ್ಭಾವದಿಂದ ಕೊಂದರೆ ಅದು ಅಪರಾಧವಲ್ಲವೆಂದೂ ಹನ್ನೊಂದನೆಯ ಪ್ರಕರಣ ಹೇಳುತ್ತದೆ. ಈ ಕಾಯಿದೆಯ ಅಗತ್ಯವನ್ನು ನಾವು ಸಂಪೂರ್ಣವಾಗಿ ಒಪ್ಪುತ್ತೇವೆ. ಅದಿಲ್ಲದಿದ್ದರೆ ಇಂದು ಚರ್ಚಿಸಲು ಹುಲಿಯೂ ಇರುತ್ತಿರಲಿಲ್ಲ, ಕುರ್ಕವೂ ಇರುತ್ತಿರಲಿಲ್ಲ.

ಆದರೆ ಮೂರು ಬೇಟೆಗಳಿಗೂ ಬಾಗಿಲು ಏಕಕಾಲದಲ್ಲಿ ಮುಚ್ಚಿದಾಗ, ಅವುಗಳ ಹಿಂದಿದ್ದ ಮೂರು ಅಗತ್ಯಗಳಿಗೆ ಸಮಾನವಾದ ಬದಲಿ ದೊರೆಯಲಿಲ್ಲ. ಎಲ್ಲಕ್ಕಿಂತ ಸುಲಭವಾಗಿ ಬದಲಿ ದೊರೆತುದು ವಿನೋದದ ಬೇಟೆಗೆ. ಗುರಿಯ ಕೌಶಲವನ್ನು ಬಯಸುವವನಿಗೆ ರೈಫಲ್ ಸಂಘಗಳ ಗುರಿಯಂಕಣಗಳಿವೆ, ಸ್ಪರ್ಧೆಗಳಿವೆ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ ಸಲ್ಲಿಸಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವನ್ನು ನಡೆಸುತ್ತಾರೆ. ಪ್ರಾಣಿಯನ್ನು ಕೊಲ್ಲದೆ ಕೋವಿಯ ಸಂಸ್ಕೃತಿಯನ್ನು ಉಳಿಸಿಕೊಳ್ಳಬಹುದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ೨೦೧೯ರಲ್ಲಿ ಹತ್ತು ವರ್ಷ ವಿಸ್ತರಿಸಲಾಯಿತು. ೨೦೨೧ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಇನ್ನು ಬೆಳಗಿನ ಮಂಜು, ಕೆರೆಯಂಚಿನ ಮೌನ, ಸಂಗಾತಿಗಳ ಪಿಸುಮಾತು, ಕಾಯುವಿಕೆಯ ಸುಖ, ಇವನ್ನು ಬಯಸುವವನಿಗೆ ದುರ್ಬೀನು ಮತ್ತು ಕ್ಯಾಮೆರಾ ಬಂದಿವೆ. ಹೆಬ್ಬಾಳ, ಜಕ್ಕೂರು, ಯಲಹಂಕದ ಕೆರೆಗಳ ಏರಿಯ ಮೇಲೆ ಇಂದ��� ಭಾನುವಾರ ಬೆಳಗ್ಗೆ ಕಾಣುವ ಪಕ್ಷಿವೀಕ್ಷಕರು ಹಿಂದಿನ ಕಾಲದ ಬಾತುಕೋಳಿ ಬೇಟೆಗಾರರ ನ್ಯಾಯವಾದ ಉತ್ತರಾಧಿಕಾರಿಗಳು. ಈ ಮಾತನ್ನು ನಾವು ವ್ಯಂಗ್ಯವಾಗಿ ಹೇಳುತ್ತಿಲ್ಲ. ಬೇಟೆಗಾರನನ್ನು ಕ್ರೂರಿಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಅವನಲ್ಲಿದ್ದ ಈ ಆಸೆ ನಿಜವಾದುದೆಂಬುದನ್ನು ಮರೆಯುತ್ತಾರೆ. ಆಸೆ ನಿಜವಾದುದರಿಂದಲೇ ಅದಕ್ಕೆ ಬೇರೆ ದಾರಿಯೂ ಸಾಧ್ಯವಾಯಿತು.

ಹೊಟ್ಟೆಪಾಡಿನ ಬೇಟೆಗಾರನಿಗೆ ಇಷ್ಟು ಅನುಕೂಲವಾದ ದಾರಿ ದೊರೆಯಲಿಲ್ಲ. ಹಕ್ಕಿ ಹಿಡಿಯುವುದನ್ನೇ ಹೆಸರಾಗಿ ಹೊತ್ತ ಹಕ್ಕಿಪಿಕ್ಕಿ ಜನರಿಗೆ ಕುಲದ ಹೆಸರೇ ಅಪರಾಧದ ಹೆಸರಾಯಿತು. ಅವರ ಬಲೆ ಮತ್ತು ಕೂಗುಗಳ ವಿದ್ಯೆ, ಜಾಡು ಹಿಡಿಯುವ ವಿದ್ಯೆ ಬಹುಮಟ್ಟಿಗೆ ಬರಹಕ್ಕೆ ಬಾರದೆಯೇ ಕ್ಷೀಣಿಸುತ್ತಿದೆ. ಬೆಳೆಯ ಮತ್ತು ದನಕುರಿಗಳ ರಕ್ಷಣೆ ಬಯಸಿದವನ ಪಾಲಿಗೆ ಬಂದುದು ಪರಿಹಾರದ ಅರ್ಜಿ. ನಷ್ಟವನ್ನು ಲೆಕ್ಕ ಹಾಕಿ ಪ್ರತಿಯಾಗಿ ಕೊಡುವ ಪದ್ಧತಿ ತತ್ತ್ವದಲ್ಲಿ ವೀರಗಲ್ಲಿನ ದತ್ತಿಯ ಜಾತಿಗೇ ಸೇರಿದುದು, ಒಳ್ಳೆಯದೇ. ಆದರೆ ದತ್ತಿಯನ್ನು ಊರ ನಡುವೆ ಕಲ್ಲಿನಲ್ಲಿ ಕೆತ್ತುತ್ತಿದ್ದರು. ಅರ್ಜಿ ಕಡತದೊಳಗೆ ಸೇರುತ್ತದೆ.

ಸಾರ್ವಜನಿಕ ದೃಷ್ಟಿ ಈ ಮೂವರನ್ನು ಕಾಣುವ ಬಗೆಯಲ್ಲಿ ಬರಹಗಳ ಪಾತ್ರ ದೊಡ್ಡದು. ೨೦೨೩ರ ನವೆಂಬರಿನಲ್ಲಿ ಬೆಂಗಳೂರಿನ ದಕ್ಷಿಣ ಭಾಗದ ಕೂಡ್ಲು ಬಳಿ ನುಗ್ಗಿದ ಚಿರತೆ ಹಿಡಿಯಹೋದವರ ಮೇಲೆರಗಿ, ಗುಂಡೇಟು ತಿಂದು ಸತ್ತಾಗ ನಗರ ಎರಡು ಪಕ್ಷವಾಯಿತು. ಒಂದು ಪಕ್ಷಕ್ಕೆ ಹೊಡೆದವರು ರಕ್ಷಕರು, ಇನ್ನೊಂದಕ್ಕೆ ಕೊಲೆಗಾರರು. ಆಂಡರ್ಸನ್ನರ ಕತೆಯನ್ನು ಎರಡೂ ಪಕ್ಷಗಳು ಓದಿದ್ದವು. ಒಂದು ನೇರವಾಗಿ, ಇನ್ನೊಂದು ತಿರುವುಮುರುವಾಗಿ. ಕೋವಿಯನ್ನು ಬಿಟ್ಟು ಕ್ಯಾಮೆರಾ ಹಿಡಿದವನೂ ನೋಡುವುದು ಪ್ರಾಣಿಯನ್ನೇ. "ಫೋಟೋ ಸಿಕ್ತಾ" ಎಂದು ಕೇಳಿದವರು ದುಷ್ಟರಲ್ಲ. ಅವರು ಪ್ರಾಣಿಯನ್ನು ಪ್ರೀತಿಸುವವರು. ಕುರಿಯನ್ನು ನೋಡಲು ಅವರಿಗೆ ಯಾವ ಪುಸ್ತಕವೂ ಕಲಿಸಿರಲಿಲ್ಲ.

೮

ಮೇಲಿನ ವಾದ ಬೇಟೆಯನ್ನು ಮತ್ತೆ ತರಬೇಕೆಂಬ ವಾದವಾಗಿ ಯಾರಿಗಾದರೂ ತೋರಿದರೆ ನಾವು ಅದನ್ನು ಸ್ಪಷ್ಟವಾಗಿ ನಿರಾಕರಿಸುತ್ತೇವೆ. ಹೊಲದವನ ಮೊರೆಯನ್ನು ನೆವವಾಗಿಟ್ಟುಕೊಂಡು ವಿನೋದದ ಕೋವಿ ಹೊರಟ ಚರಿತ್ರೆಯನ್ನು ನೋಡಿದ ಮೇಲೆ ಅಂತಹ ಸಲಹೆಯನ್ನು ಇತಿಹಾಸದ ವಿದ್ಯಾರ್ಥಿಗಳಾದ ನಾವು ಕೊಡಲಾರೆವು. ಚಿರತೆಯನ್ನು ಕೊಂದ ಮಾತ್ರಕ್ಕೆ ದೊಡ್ಡಿಗೆ ಬಾಗಿಲು ಬರುವುದಿಲ್ಲ. ನಾವು ಹೇಳಹೊರಟಿರುವುದು ವಿಮರ್ಶೆಯ ಕರ್ತವ್ಯವನ್ನು ಕುರಿತದ್ದು. ಒಂದು ಬೇಟೆಯ ಬರಹವನ್ನು ಓದುವಾಗ ಈಡಿನ ಸೊಗಸನ್ನೂ ಕಾಡಿನ ವರ್ಣನೆಯನ್ನೂ ಮೆಚ್ಚುವುದರ ಜೊತೆಗೆ ಮೂರು ಪ್ರಶ್ನೆಗಳನ್ನು ಕೇಳಬೇಕು: ಯಾರ ನಷ್ಟದಿಂದ ಈ ಕತೆ ಆರಂಭವಾಯಿತು? ಆ ನಷ್ಟ ಕತೆಯ ಕೊನೆಯಲ್ಲಿ ನೆನಪಿದೆಯೆ? ಜಾಡು ತೋರಿಸಿದವನಿಗೆ ಹೆಸರಿದೆಯೆ?

ಇದು ಬರಿಯ ಸಾಹಿತ್ಯದ ವಿಚಾರವಾಗಿ ಉಳಿದಿಲ್ಲ. ೨೦೨೧ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಿರಸ್ಕರಿಸಿದ್ದ ಹೆಸರಘಟ್ಟ ಹುಲ್ಲುಗಾವಲಿನ ಪ್ರಸ್ತಾವಕ್ಕೆ ೨೦೨೪ರಲ್ಲಿ ಅದೇ ಮಂಡಳಿ ಒಪ್ಪಿಗೆ ನೀಡಿತು. ೫,೬೭೮ ಎಕರೆಯ ಸಂರಕ್ಷಣಾ ಮೀಸಲು ಅದು. ನಗರದ ಪಕ್ಷಿಪ್ರಿಯರು ಹರ್ಷಿಸಿದರು, ನಾವೂ ಹರ್ಷಿಸಿದೆವು. ಆ ಹುಲ್ಲಿನ ಅಂಚಿನಲ್ಲಿ ಕುರಿ ಮೇಯಿಸುವವರೂ ರಾಗಿ ಬಿತ್ತುವವರೂ ಇದ್ದಾರೆ. ಮೊಲ, ಚಿರತೆ, ಕುರಿ, ಮನುಷ್ಯ ನಾಲ್ಕೂ ಒಂದೆಡೆ ಬಾಳಬೇಕಾದ ಆ ಸ್ಥಳವನ್ನು ಕುರಿತು ಮುಂದೆ ಬರಲಿರುವ ಬರಹ ಯಾವ ಜಾತಿಯದಾಗುವುದೋ ಅದರ ಮೇಲೆ ಅಲ್ಲಿಯ ಜನರ ಸಹನೆಯೂ, ಆ ಸಹನೆಯ ಮೇಲೆ ಚಿರತೆಯ ಆಯುಸ್ಸೂ ಬಹುಮಟ್ಟಿಗೆ ನಿಂತಿವೆ. ತನ್ನ ನಷ್ಟವನ್ನು ಯಾರೂ ಗಣಿಸರೆಂದು ತಿಳಿದವನು ಉರುಳನ್ನೂ ವಿಷವನ್ನೂ ಹುಡುಕುತ್ತಾನೆ.

ಕೆಂಪೇಗೌಡರು ಮೊಲವನ್ನು ಕಂಡರೆಂದು ಹೇಳುವ ಸ್ಥಳವನ್ನು ಕೆಲವರು ಹೆಸರಘಟ್ಟದ ಕಡೆಯ ಶಿವನಸಮುದ್ರವೆಂದು ಗುರುತಿಸುತ್ತಾರೆ. ಆ ಐತಿಹ್ಯವನ್ನು ನಾವು ಈ ವರ್ಷವೂ ಪಾಠದಲ್ಲಿ ಹೇಳಿದೆವು. ಅನಂತರ ವಿದ್ಯಾರ್ಥಿಗಳಿಗೆ ಒಂದು ಕೆಲಸವನ್ನು ಒಪ್ಪಿಸಿದೆವು: ತಮ್ಮ ತಮ್ಮ ಊರುಗಳ ಹಿರಿಯರಿಂದ ಬೇಟೆಯ ಕತೆಗಳನ್ನು ಕೇಳಿ ಬರೆದು ತರಬೇಕು, ಪ್ರತಿ ಕತೆಯ ಕೆಳಗೆ ಹೊಲದವನ ಹೆಸರನ್ನೂ ಜಾಡು ತೋರಿಸಿದವನ ಹೆಸರನ್ನೂ ನಮೂದಿಸಬೇಕು. ಪ್ರಶ್ನೆ ಕೇಳಿದ ಆ ವಿದ್ಯಾರ್ಥಿ ಈಗ ಮುಂದಿನ ತರಗತಿಯಲ್ಲಿದ್ದಾನೆ. ಕೆಲಸ ತನ್ನ ತರಗತಿಯದಲ್ಲದಿದ್ದರೂ ಅವನು ತನ್ನ ಅಜ್ಜನಿಂದ ಕೇಳಿ ಬರೆದ ನಾಲ್ಕು ಪುಟಗಳನ್ನು ತಂದುಕೊಟ್ಟನು. ಅದರಲ್ಲಿ ಹೊಲದವನ ಹೆಸರು ಮೊದಲನೆಯ ವಾಕ್ಯದಲ್ಲಿಯೇ ಇತ್ತು.